‘ಕಣ್ಣು ಹಂಗ್ ಮಾಡಬ್ಯಾಡೋ’ ಅನ್ನದೆ ಇರುವುದು

ಇಂಗ್ಲೆಂಡಿನ ಡಾಕ್ಟರುಗಳು ಏನೂ ಮಾಡುವುದಿಲ್ಲ ಎಂಬುದು ಇಲ್ಲಿ ನೆಲೆಸಿರುವ ನಮ್ಮವರ ಖಾಯಂ ದೂರು. ಜ್ವರಕ್ಕೆ ಪ್ಯಾರಾಸಿಟಮಾಲ್, ಉಳಿದದ್ದಕ್ಕೆಲ್ಲ ‘ಕಾದು ನೋಡೋಣ’. ಆದರೆ ಮಕ್ಕಳ ಟಿಕ್ಸ್ (ಬೇಕೆಂದು ಮಾಡದಿದ್ದರೂ ಮತ್ತೆ ಮತ್ತೆ ಆಗುವ ಸಣ್ಣ ಚಲನೆ ಅಥವಾ ಸದ್ದು) ವಿಷಯದಲ್ಲಿ ನಾನು ಅವರ ಕಡೆ.

ನೆಗಡಿಯಿಲ್ಲದೆ ಮೂಗೆಳೆಯುವುದು, ಭುಜ ಕುಣಿಸುವುದು, ಪಟಪಟ ಕಣ್ಣು ಮಿಟುಕಿಸುವುದು ಹೆಚ್ಚಾಗಿ 4ರಿಂದ 6ನೇ ವಯಸ್ಸಿನಲ್ಲಿ ಶುರುವಾಗುತ್ತವೆ. ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ. ನನ್ನ ಮಗನಿಗೆ ಕಣ್ಣಿನದು ಬಂದಾಗ ಇಲ್ಲಿನ ಜಿಪಿ, ಅಂದರೆ ಕುಟುಂಬ ವೈದ್ಯರು, ಸ್ಕ್ಯಾನೂ ಬರೆಯಲಿಲ್ಲ, ಮಾತ್ರೆಯೂ ಕೊಡಲಿಲ್ಲ. ನಿದ್ದೆ ಹೇಗಿದೆ, ಶಾಲೆಯಲ್ಲಿ ಯಾರಾದರೂ ಅಣಕಿಸುತ್ತಾರಾ ಎಂದು ಕೇಳಿ, ‘ಅವನ ಮುಂದೆ ಪದೇಪದೇ ಇದರ ಮಾತೆತ್ತಬೇಡಿ’ ಅಂದರು.

ರಜೆಗೆ ದಾವಣಗೆರೆಗೆ ಹೋದಾಗ ಇದೊಂದನ್ನು ಬಿಟ್ಟು ಉಳಿದೆಲ್ಲ ನಡೆಯಿತು. ಅಮ್ಮ ಉಪ್ಪು-ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ತಮ್ಮ ಮೊಬೈಲ್ ಕಿತ್ತಿಟ್ಟ. ಪಕ್ಕದ ಮನೆಯವರು ಕಣ್ಣಿನ ಡಾಕ್ಟರ ವಿಳಾಸ ಕೊಟ್ಟರು. ಊಟಕ್ಕೆ ಕೂತಾಗಲೆಲ್ಲ ಯಾರಾದರೊಬ್ಬರು, ‘ಏ ಪುಟ್ಟಾ, ಕಣ್ಣು ಹಂಗ್ ಮಾಡಬ್ಯಾಡೋ!’

ದೃಷ್ಟಿ ತೆಗೆದದ್ದಕ್ಕೆ ನನ್ನ ತಕರಾರಿಲ್ಲ. (ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲವೆಂದು ಅಮ್ಮನಿಗೆ ಸಮಾಧಾನ, ಮಗನಿಗೆ ತಮಾಷೆ.) ತಕರಾರಿರುವುದು ಆ ‘ಮಾಡಬ್ಯಾಡೋ’ಗೆ. ಸೀನು ಬರುವ ಮುಂಚೆ ಮೂಗಿನಲ್ಲಾಗುವ ಕಿರಿಕಿರಿಯಂತೆ ಟಿಕ್‌ಗೂ ಒಳಗಿನಿಂದ ಒತ್ತಡ ಬರುತ್ತದೆ ಎಂದು ಸ್ವಲ್ಪ ದೊಡ್ಡ ಮಕ್ಕಳು ಹೇಳುತ್ತಾರೆ. ಕೊಂಚ ಹೊತ್ತು ತಡೆಯಲೂಬಹುದು. ತಡೆಯಲು ಬರುತ್ತದೆ ಅಂದಮೇಲೆ ಬೇಕಂತಲೇ ಮಾಡುತ್ತಾನೆ ಎಂಬುದು ಹಿರಿಯರ ತರ್ಕ, ಎಡವಟ್ಟಾಗುವುದೇ ಇಲ್ಲಿ. ಆತಂಕ, ದಣಿವು, ವಿಪರೀತ ಉತ್ಸಾಹ ಇದ್ದಾಗ ಟಿಕ್ ಏರುತ್ತದೆ. ಅದರ ಮಾತೆತ್ತಿದರೂ ಏರಬಹುದು. ಶುರುವಾಗಿ ವರ್ಷ ತುಂಬದಿದ್ದರೆ ವೈದ್ಯರು ತಾತ್ಕಾಲಿಕ ಅನ್ನುತ್ತಾರೆ, ಬಹಳಷ್ಟು ಮಕ್ಕಳಲ್ಲಿ ತಾನಾಗಿಯೇ ತಗ್ಗುತ್ತದೆ. ವರ್ಷ ದಾಟಿಯೂ ಅಂಗಾಂಗದ ಹಲವು ಟಿಕ್ಸ್ ಜೊತೆ ಸದ್ದಿನದೂ ಇದ್ದರೆ ಟುರೆಟ್ ಸಿಂಡ್ರೋಮ್. ಟಿಕ್‌ನಂತೆ ಕಾಣುವುದು ಬಂದ ಹೊತ್ತಿನಲ್ಲಿ ಮಗುವಿಗೆ ಎಚ್ಚರವೇ ತಪ್ಪಿದಂತಾದರೆ ಮಾತ್ರ ಕಾಯಬಾರದು. ಅದು ಫಿಟ್ಸ್ ಇದ್ದೀತು.

ಹಾಗಂತ ಇಲ್ಲಿನ ಮೌನವೂ ಅತಿಯೇ. ಯಾರೂ ಏನೂ ಹೇಳದಿದ್ದರೆ ತನಗೇನೋ ದೊಡ್ಡದಾಗಿದೆ ಎಂದು ಮಗುವಿಗೆ ಗುಮಾನಿ. ದಾವಣಗೆರೆಯಲ್ಲಿ ತಮ್ಮನ ಮಕ್ಕಳು ಒಂದು ದಿನ ಅಣಕಿಸಿದರು, ಮರುದಿನ ಮರೆತು ಓಣಿಯ ಕ್ರಿಕೆಟ್ಟಿಗೆ ಎಳೆದೊಯ್ದರು. ಬ್ಯಾಟ್ ಹಿಡಿದಷ್ಟು ಹೊತ್ತು ಕಣ್ಣು ಸುಮ್ಮನಿತ್ತು. ಅಂಥ ಗುಂಪು ನಮ್ಮ ಇಲ್ಲಿನ ಬೀದಿಯಲ್ಲಿಲ್ಲ. ‘ಇದು ನಿನ್ನ ತಪ್ಪಲ್ಲ, ಎಷ್ಟೋ ಮಕ್ಕಳಿಗೆ ಬರುತ್ತದೆ’ ಎಂದು ಒಮ್ಮೆ ಹೇಳಿ ಮುಗಿಸುವ ಕೆಲಸ ಎರಡೂ ಕಡೆ ಬಾಕಿ ಉಳಿದಿತ್ತು. ಅದನ್ನು ನಾವೇ ಮಾಡಿದೆವು. ಅಮ್ಮನಿಗೂ ಹೇಳಿದ್ದೇನೆ: ವಿಡಿಯೋ ಕಾಲಿನಲ್ಲಿ ಕಣ್ಣಿನ ವಿಷಯ ಬೇಡ, ಎಷ್ಟು ರನ್ ಹೊಡೆದೆ ಅಂತ ಕೇಳು.