ಮಡಿಯಲ್ಲಿದೆ, ಮುಟ್ಟಬೇಡಿ

ಸಂಜೆ ಏಳೂವರೆಗೆ ನಮ್ಮ ಮನೆಯಲ್ಲಿ ಕುಕ್ಕರ್ ಕೂಗುವಂತಿಲ್ಲ. ಕೂಗಿದರೆ ಅಮ್ಮ ಹಾಲ್‌ನಿಂದಲೇ, "ಅದರ ಬಾಯಿ ಮುಚ್ಚಿಸೇ" ಎಂದು ನನ್ನ ಹೆಂಡತಿಗೆ ಹೇಳುತ್ತಾಳೆ. ಅದು ಅಮ್ಮನ ಧಾರಾವಾಹಿಯ ಹೊತ್ತು. ಅದರಲ್ಲಿ ಎರಡು ತಿಂಗಳಿಂದ ಒಬ್ಬ ಸೊಸೆ ಒಂದು ಪತ್ರ ಹಿಡಿದು ನಿಂತಿದ್ದಳು. ಓದಲು ಬಾಯಿ ತೆರೆದಾಗಲೆಲ್ಲ ಜಾಹೀರಾತು. ಅಂತೂ ಆಷಾಢದ ಒಂದು ಗುರುವಾರ ಆಕೆ ಪತ್ರ ಓದಿಯೇ ಬಿಡುತ್ತಾಳೆ ಎಂದು ಹಿಂದಿನ ದಿನವೇ ತೋರಿಸಿದ್ದರು. ಅಮ್ಮ ಬೇಗ ಬೇಗ ದೇವರಿಗೆ ದೀಪ ಹಚ್ಚಿ, ಬಿ.ಪಿ. ಮಾತ್ರೆ ನುಂಗಿ, ಕಾಲಿಗೆ ಶಾಲು ಹೊದ್ದು ಕೂತಳು. ನಾನು 7.25ಕ್ಕೆ ಗೋಡೆಯ ಸ್ವಿಚ್ ಹಾಕಿದೆ.

ಪರದೆ ನೀಲಿಯಾಯಿತು. ಸಾಫ್ಟ್‌ವೇರ್ ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಬಾಕ್ಸ್ ಆಫ್ ಮಾಡಬೇಡಿ ಎಂದು ಇಂಗ್ಲಿಷಿನಲ್ಲಿ ಬಂತು. ಕೆಳಗೆ ಒಂದು ಉದ್ದ ಗೆರೆ, ಅದರ ಪಕ್ಕದಲ್ಲಿ 2%.

"ಏನಂತೋ ಅದು?"

"ಮುಟ್ಟಬೇಡಿ ಅಂತಿದೆ ಅಮ್ಮ."

"ಮಡೀಲಿದೆಯಾ?"

ಅದಕ್ಕಿಂತ ಸರಿಯಾದ ಅನುವಾದವನ್ನು ನಾನು ಈವರೆಗೂ ಕೇಳಿಲ್ಲ. ಮಡಿಯಲ್ಲಿದ್ದವರನ್ನು ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ, ಎಷ್ಟು ಹೊತ್ತಾಗುತ್ತದೆ ಎಂದು ಕೇಳುವಂತಿಲ್ಲ. ಅವರಾಗಿಯೇ ಹೊರಗೆ ಬರಬೇಕು.

7.30ಕ್ಕೆ 11% ಆಗಿತ್ತು. ಹೊರಗೆ ಮಳೆ ಧೋ ಎನ್ನುತ್ತಿತ್ತು. ಶಿವಮೊಗ್ಗದ ಮಳೆ ಗೊತ್ತಲ್ಲ, ಒಂದು ಸಲ ಕೂತಿತೆಂದರೆ ಬೀಗರ ಹಾಗೆ, ಏಳುವುದೇ ಇಲ್ಲ. ಮಹಡಿಯ ಮೇಲೆ ಆಗ್ನೇಯಕ್ಕೆ ಮುಖ ಮಾಡಿ ಕೂತಿರುವ ನಮ್ಮ ಛತ್ರಿಗೆ ದಪ್ಪ ಹನಿ ಬಿದ್ದರೆ ಸಾಕು, ಸಿಗ್ನಲ್ ಹೋಗುತ್ತದೆ. ಗೆರೆ 19%ರಲ್ಲಿ ನಿಂತಿತು. ನಾನು ಬೆಂಗಳೂರಿನಲ್ಲಿರುವ ಮಗನಿಗೆ ವಿಡಿಯೋ ಕಾಲ್ ಮಾಡಿದೆ. ಅವನು ಕಂಪ್ಯೂಟರ್ ಓದಿದವನು. ಆದ್ದರಿಂದ ಮಿಕ್ಸಿ ಕೆಟ್ಟರೂ ಅವನಿಗೇ ಫೋನ್.

ಅವನು ವಿವರಿಸಿದ್ದು ನನಗೆ ಅರ್ಥವಾದದ್ದು ಹೀಗೆ. 36,000 ಕಿಲೋಮೀಟರ್ ಮೇಲಿರುವ ಉಪಗ್ರಹ ನಮ್ಮ ಬಾಕ್ಸಿಗಾಗಿಯೇ ಏನನ್ನೂ ಕಳಿಸುವುದಿಲ್ಲ. ಅದಕ್ಕೆ ನಾವು ಯಾರೆಂದೇ ಗೊತ್ತಿಲ್ಲ. ಹೊಸ ಸಾಫ್ಟ್‌ವೇರನ್ನು ತುಂಡು ತುಂಡು ಮಾಡಿ ಅದು ಸುತ್ತು ಹಾಕಿಸುತ್ತಲೇ ಇರುತ್ತದೆ. ಪಂಕ್ತಿಯಲ್ಲಿ ಸಾರು ಬಡಿಸುವವನು ಬಂದಾಗ ನೀವು ಎಲೆಯ ಕಡೆ ನೋಡುತ್ತಿರಲಿಲ್ಲ ಎಂದಿಟ್ಟುಕೊಳ್ಳಿ. ಅವನು ಸಾಲು ಮುಗಿಸಿ ಮತ್ತೆ ಬರುವವರೆಗೆ ಅನ್ನ ಕಲೆಸದೆ ಕೂರಬೇಕು. ಮಳೆ ಬಂದಾಗ ನಮ್ಮ ಬಾಕ್ಸು ಎರಡು ತುಂಡು ತಪ್ಪಿಸಿಕೊಂಡಿದೆ, ಈಗ ಬಡಿಸುವವನ ದಾರಿ ಕಾಯುತ್ತಿದೆ.

"ಮೇಲೋಗರ ಮುಗಿಯುತ್ತೆ ಅಷ್ಟರಲ್ಲಿ," ಎಂದಳು ಅಮ್ಮ. ಅವಳ ಕಣ್ಣು ಗಡಿಯಾರದ ಮೇಲಿತ್ತು.

ಗ್ರಾಹಕ ಸೇವೆಗೆ ಫೋನ್ ಮಾಡೋಣ ಎಂಬ ಕೆಟ್ಟ ಬುದ್ಧಿ ನನಗೆ ಬಂದದ್ದು ಆಗಲೇ. ಕನ್ನಡಕ್ಕಾಗಿ ಇದನ್ನು ಒತ್ತಿ, ರೀಚಾರ್ಜ್‌ಗಾಗಿ ಅದನ್ನು ಒತ್ತಿ ಎಂದು ಒತ್ತಿಸಿಕೊಂಡು, ಎರಡು ಹೊಸ ಪ್ಯಾಕ್‌ಗಳ ಗುಣಗಾನ ಕೇಳಿಸಿಕೊಂಡು, ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ಪಾಪ, ಬಹಳ ವಿನಯದ ಹುಡುಗಿ.

"ಸರ್, ಒಂದ್ಸಲ ಬಾಕ್ಸ್ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡ್ತೀರಾ?"

"ಆಫ್ ಮಾಡಬೇಡಿ ಅಂತ ಬರ್ತಾ ಇದೆಯಲ್ಲಮ್ಮ."

"ಹೌದು ಸರ್, ಅಪ್‌ಡೇಟ್ ಆಗೋವಾಗ ಆಫ್ ಮಾಡ್ಬಾರ್ದು."

"ಹಾಗಾದ್ರೆ ಏನು ಮಾಡ್ಲಿ?"

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್."

ನಾವಿಬ್ಬರೂ ಇದನ್ನು ಮೂರು ಸಲ ಪಾರಾಯಣ ಮಾಡಿದೆವು. ಅಷ್ಟರಲ್ಲಿ ಮಳೆ ಸ್ವಲ್ಪ ತಗ್ಗಿತ್ತು, ಬಡಿಸುವವನು ಮತ್ತೆ ಬಂದಿದ್ದ, ಗೆರೆ 47ಕ್ಕೆ ಏರಿತ್ತು. ಆಫ್ ಮಾಡಬೇಕೋ ಬೇಡವೋ ಎಂಬ ಜಿಜ್ಞಾಸೆಯನ್ನು ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಬಗೆಹರಿಸಿತು. ಮೆಟ್ಟಿಲ ಕೆಳಗಿನ ಯುಪಿಎಸ್ 'ಟಿಕ್' ಎಂದಿತು. ಹಾಲ್‌ನ ಲೈಟು ಒಮ್ಮೆ ಕಣ್ಣು ಮಿಟುಕಿಸಿ ಮತ್ತೆ ಉರಿಯಿತು, ಫ್ಯಾನು ತಿರುಗುತ್ತಲೇ ಇತ್ತು, ಟಿವಿ ಮಾತ್ರ ಕಪ್ಪಾಯಿತು. ಟಿವಿಯ ಪಾಯಿಂಟನ್ನು ಯುಪಿಎಸ್‌ಗೆ ಸೇರಿಸುವುದು ಬೇಡ, ಬ್ಯಾಟರಿ ಬೇಗ ಇಳಿಯುತ್ತೆ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿದವನು ನಾನೇ. ಆ ಹೊತ್ತಿನಲ್ಲಿ ಇದನ್ನು ಯಾರೂ ನೆನಪಿಸಲಿಲ್ಲ. ಎಲ್ಲರಿಗೂ ನೆನಪಿತ್ತು.

ಇಪ್ಪತ್ತು ನಿಮಿಷದ ನಂತರ ಕರೆಂಟ್ ಬಂತು. ಬಾಕ್ಸು ಕಂಪನಿಯ ಮುದ್ರೆಯನ್ನು ತೋರಿಸಿತು, ಕಪ್ಪಾಯಿತು, ಮತ್ತೆ ಮುದ್ರೆ ತೋರಿಸಿತು, ಮತ್ತೆ ಕಪ್ಪಾಯಿತು. ನಿದ್ದೆಯಲ್ಲಿ ಎದ್ದು ಕೂತು ಮತ್ತೆ ಮಲಗುವ ಮಗುವಿನ ಹಾಗೆ. ಹಳೆಯದು ಅಳಿಸಿದೆ, ಹೊಸದು ಅರ್ಧ ಬರೆದಿದೆ, ಎದ್ದರೂ ತಾನು ಯಾರೆಂದು ಅದಕ್ಕೆ ತಿಳಿಯುತ್ತಿಲ್ಲ ಎಂದ ಮಗ. "ಇದಕ್ಕೆ ನಮ್ಮಲ್ಲಿ ಬ್ರಿಕ್ ಆಯ್ತು ಅಂತಾರೆ ಅಜ್ಜಿ. ಇಟ್ಟಿಗೆ."

"ತಂದು ಹಾಕಿದ ದಿನವೇ ನಾನು ಹೇಳಿದ್ದೆ," ಎಂದಳು ಅಮ್ಮ.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದು ಹೇಳುವ ವಯಸ್ಸು ನನಗೆ ಬಂದಿದೆ, ಆದರೆ ಹೇಳಲಾರೆ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶದ ಟಿವಿಗೆ ಬಣ್ಣ ಬಂದರೂ ನಮ್ಮ ಮನೆಗೆ ಅದು ತಲುಪಲು ಇನ್ನೂ ಹತ್ತು ವರ್ಷ ಹಿಡಿಯಿತು. ಆ ಕಪ್ಪು-ಬಿಳುಪಿನ ದಿನಗಳಲ್ಲಿ ಅಪ್ಪ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸಬೇಕು, ನಾನು ಅಂಗಳದಲ್ಲಿ ನಿಂತು ಒಳಗಿನ ಸುದ್ದಿಯನ್ನು ಮೇಲಕ್ಕೆ ಕೂಗಬೇಕು. "ಬಂತು... ಬಂತು... ಹೋಯ್ತು!" ಅಪ್ಪ ಕೈ ಬಿಟ್ಟ ತಕ್ಷಣ ಚಿತ್ರವೂ ಹೋಗುತ್ತಿತ್ತು. ಒಂದಿಡೀ ಕ್ರಿಕೆಟ್ ಪಂದ್ಯವನ್ನು ನಾವು ನೋಡಿದ್ದು, ಅಪ್ಪ ನೋಡದೆ ಮೇಲೆ ಕೊಡೆ ಹಿಡಿದು ಕೂತದ್ದರಿಂದ. ಆದರೆ ಆಗ ದೂರದರ್ಶನದವರು 'ರುಕಾವಟ್ ಕೆ ಲಿಯೆ ಖೇದ್ ಹೈ' ಎಂದು ಒಂದು ಫಲಕವನ್ನಾದರೂ ಹಾಕುತ್ತಿದ್ದರು. ಹಿಂದಿ ಬಾರದ ಅಮ್ಮನಿಗೂ ಯಾರೋ ಎಲ್ಲೋ ಬೇಜಾರು ಮಾಡಿಕೊಂಡಿದ್ದಾರೆ ಎಂದು ಗೊತ್ತಾಗುತ್ತಿತ್ತು. ಈ ನೀಲಿ ಪರದೆಗೆ ಖೇದವೇ ಇಲ್ಲ. ಶೇಕಡಾವಾರು ಮಾತ್ರ ಇದೆ.

ಅವತ್ತಿನ ಕಂತನ್ನು ಮೈಸೂರಿನ ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. ಇಪ್ಪತ್ತೆರಡು ನಿಮಿಷದ ಕಂತಿಗೆ ನಲವತ್ತು ನಿಮಿಷ. ಧಾರಾವಾಹಿಯ ಸೊಸೆ ಎಲ್ಲಿ ಮುಗಿದು ಚಿಕ್ಕಮ್ಮನ ಸೊಸೆ ಎಲ್ಲಿ ಶುರುವಾಗುತ್ತಾಳೆ ಎಂದು ತಿಳಿಯದೆ ಅಮ್ಮ ಎರಡು ಕಡೆ ತಪ್ಪು ಜಾಗದಲ್ಲಿ ಅಯ್ಯೋ ಎಂದಳು. ಅವರ ಮನೆಯಲ್ಲಿ 2013ರಲ್ಲಿ ಮೈಸೂರಿನ ಕೇಬಲ್ಲಿಗೆ ಬಾಕ್ಸ್ ಕಡ್ಡಾಯವಾದಾಗ ಹಾಕಿಸಿದ ಅದೇ ಬಾಕ್ಸು ಇನ್ನೂ ಇದೆ. ಅದಕ್ಕೆ ಅಪ್‌ಡೇಟ್ ಬಂದದ್ದನ್ನು ಅವರ್ಯಾರೂ ಕಂಡಿಲ್ಲವಂತೆ. ಕಂಪನಿಗೇ ಮರೆತುಹೋಗಿರುವ ಬಾಕ್ಸಿನಷ್ಟು ಸುಖಿ ಇನ್ನೊಂದಿಲ್ಲ.

ಮೂರನೆಯ ದಿನ ರಿಪೇರಿ ಹುಡುಗ ಬಂದ. ಪೆನ್‌ಡ್ರೈವ್ ಚುಚ್ಚಿ, ಹದಿನೈದು ನಿಮಿಷ ತನ್ನ ಮೊಬೈಲ್ ನೋಡುತ್ತ ಕೂತ. ಬಾಕ್ಸಿಗೆ ಜೀವ ಬಂತು. ಆಮೇಲೆ ಅವನೊಂದು ಪ್ರಶ್ನೆ ಕೇಳಿದ.

"ರಾತ್ರಿ ಗೋಡೆ ಸ್ವಿಚ್ ಆಫ್ ಮಾಡ್ತೀರಾ ಸರ್?"

"ಹೌದು, ದಿನಾ," ಎಂದೆ, ಬಹುಮಾನದ ನಿರೀಕ್ಷೆಯಲ್ಲಿ. ಮಲಗುವ ಮುಂಚೆ ಮನೆಯ ಸ್ವಿಚ್‌ಗಳನ್ನೆಲ್ಲ ಆರಿಸುವುದು ಅಪ್ಪನಿಂದ ಬಂದ ಸಂಸ್ಕಾರ.

"ಅದಕ್ಕೇ ಸರ್. ಇದು ರಾತ್ರಿ ಎಲ್ಲಾ ಮಲಗಿದ ಮೇಲೆ ಅಪ್‌ಡೇಟ್ ಮಾಡ್ಕೊಳ್ಳುತ್ತೆ. ನೀವು ಕರೆಂಟೇ ತೆಗೆದ್ರೆ ಯಾವಾಗ ಮಾಡ್ಕೋಬೇಕು? ಸಂಜೆ ಹಾಕಿದ ತಕ್ಷಣ ಹಿಡ್ಕೊಳ್ಳುತ್ತೆ. ರಿಮೋಟ್‌ನಲ್ಲಿ ಆಫ್ ಮಾಡಿ, ಕೆಂಪು ಲೈಟು ಉರೀತಾ ಇರ್ಲಿ."

ಅಮ್ಮ ನನ್ನ ಕಡೆ ನೋಡಿದಳು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನೋಡಿದಳು. ನಾನು ಹುಡುಗನಿಗೆ ದುಡ್ಡು ಕೊಡುವ ನೆಪದಲ್ಲಿ ಒಳಗೆ ಹೋದೆ.

ಬಾಕ್ಸಿಗೆ ಬಂದದ್ದು ಜೀವ ಮಾತ್ರ, ನೆನಪಲ್ಲ. ಮೆನು ಹಿಂದಿಯಲ್ಲಿತ್ತು. ಚಾನೆಲ್ ಸಂಖ್ಯೆಗಳು ಬದಲಾಗಿದ್ದವು. 2019ರ ಫೆಬ್ರವರಿಯಲ್ಲಿ ಬೇಕಾದ ಚಾನೆಲ್ ಮಾತ್ರ ಆರಿಸಿಕೊಳ್ಳಿ ಎಂಬ ಹೊಸ ನಿಯಮ ಬಂದಾಗ, ನೂರು ಚಾನೆಲ್‌ಗೆ ತೆರಿಗೆ ಸೇರಿ 153 ರೂಪಾಯಿ 40 ಪೈಸೆ ಎಂದು ಕಾಗದದಲ್ಲಿ ಲೆಕ್ಕ ಹಾಕಿ ನಾನೂ ಅಮ್ಮನೂ ಎರಡು ಸಂಜೆ ಕೂತು ಪಟ್ಟಿ ಮಾಡಿದ್ದೆವು. ಅವಳು ತನ್ನ ಹನ್ನೊಂದು ಚಾನೆಲ್‌ಗಳ ಸಂಖ್ಯೆಯನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡು, ಪ್ರತಿ ಯುಗಾದಿಗೂ ಹೊಸ ಕ್ಯಾಲೆಂಡರಿಗೆ ನಕಲು ಮಾಡುತ್ತ ಬಂದಿದ್ದಳು. ಈಗ ಭಜನೆಯ ಸಂಖ್ಯೆ ಒತ್ತಿದರೆ ಭೋಜಪುರಿ ಕುಣಿತ ಬಂತು. ಅಮ್ಮ ಒಂದು ನಿಮಿಷ ನೋಡಿ, "ಇವರಿಗೆ ಚಳಿ ಆಗಲ್ವಾ?" ಎಂದಳು.

ಇಷ್ಟೆಲ್ಲ ಆಗಿ ಹೊಸತೇನು ಬಂತೆಂದು ಹುಡುಕಿದೆ. ಅಕ್ಷರ ಸಣ್ಣದಾಗಿತ್ತು, ಧ್ವನಿ ಏರಿಸಿದರೆ ಗೆರೆಯ ಪಕ್ಕದಲ್ಲೊಂದು ಜಾಹೀರಾತು ಬರುತ್ತಿತ್ತು. ಒಳಗಿನ ದೋಷಗಳನ್ನೂ ಸರಿಪಡಿಸಿರಬಹುದು, ಇಲ್ಲವೆನ್ನಲಾರೆ. ನಮ್ಮ ಕಣ್ಣಿಗೆ ಕಂಡದ್ದು ಇವೆರಡೇ.

ಸೋಮವಾರ 7.30ಕ್ಕೆ ಸರಿಯಾದ ಚಾನೆಲ್ ಸಿಕ್ಕಿತು. ಸೊಸೆ ಪತ್ರ ಹಿಡಿದು ನಿಂತಿದ್ದಳು. ಸೀರೆ ಬದಲಾಗಿತ್ತು, ಪತ್ರ ಅದೇ. "ನೋಡು, ನಮಗೋಸ್ಕರ ಕಾದಿದ್ದಾಳೆ," ಎಂದು ಅಮ್ಮ ಆಕೆಯ ಹಳೆಯ ತಪ್ಪುಗಳನ್ನೆಲ್ಲ ಕ್ಷಮಿಸಿಬಿಟ್ಟಳು.

ಅವತ್ತಿನಿಂದ ಗೋಡೆಯ ಸ್ವಿಚ್‌ಗೆ ಯಾರೂ ಕೈ ಹಚ್ಚುವಂತಿಲ್ಲ. ಮೊನ್ನೆ ರಾತ್ರಿ ಎರಡೂವರೆಗೆ ನೀರು ಕುಡಿಯಲು ಎದ್ದರೆ ಹಾಲ್‌ನಲ್ಲಿ ಅಮ್ಮ ಕೂತಿದ್ದಳು. ಬಾಕ್ಸಿನ ಕೆಂಪು ಲೈಟು ಪಟಪಟ ಹೊಡೆದುಕೊಳ್ಳುತ್ತಿತ್ತು.

"ಲೈಟ್ ಹಾಕ್ಬೇಡ ಮಾರಾಯ. ಮಡೀಲಿದೆ."

ನಾನೂ ಸದ್ದಿಲ್ಲದೆ ಪಕ್ಕದಲ್ಲಿ ಕೂತೆ. ಹೊರಗೆ ಮಳೆ ಜೋರಾಯಿತು. ಎಲ್ಲೋ ಒಂದು ಮರದ ಕೊಂಬೆ ಲಟಕ್ಕೆಂದಿತು. ನಾವಿಬ್ಬರೂ ಉಸಿರು ಹಿಡಿದು ಆ ಕೆಂಪು ಚುಕ್ಕೆಯನ್ನೇ ನೋಡುತ್ತಿದ್ದೆವು.

ಮೆಟ್ಟಿಲ ಕೆಳಗಿನ ಯುಪಿಎಸ್ 'ಟಿಕ್' ಎಂದಿತು.