ಸತ್ಯಾಂಶ: ಬ್ಯಾಟರಿ ತೆಗೆದು ಮತ್ತೆ ಹಾಕಿದರೆ ಕಂಪ್ಯೂಟರ್ ವೇಗ ಹೆಚ್ಚುವುದಿಲ್ಲ
ಮದರ್‌ಬೋರ್ಡಿನ ಗುಂಡು ಬ್ಯಾಟರಿಯನ್ನು ತೆಗೆದು ಮತ್ತೆ ಹಾಕಿದರೆ ಹಳೆಯ ಕಂಪ್ಯೂಟರಿನ ವೇಗ ದುಪ್ಪಟ್ಟಾಗುತ್ತದೆ ಎಂಬ ಸಂದೇಶ ಕಾರವಾರದ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿದೆ, ಅದು ನಿಜವಲ್ಲ. 3 ವೋಲ್ಟಿನ ಆ ಸಿಆರ್2032 ಬ್ಯಾಟರಿಯು ಗಡಿಯಾರವನ್ನು ನಡೆಸುತ್ತದೆ, ಹಲವು ಬೋರ್ಡುಗಳಲ್ಲಿ ಬಯೋಸ್ (ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ಓಡುವ ಮೂಲ ತಂತ್ರಾಂಶ) ಆಯ್ಕೆಗಳನ್ನೂ ಕಾಯುತ್ತದೆ. ಅದನ್ನು ತೆಗೆದಾಗ ಆಯ್ಕೆಗಳು ಮೂಲಸ್ಥಿತಿಗೆ ಮರಳುವುದರಿಂದ, ಎಕ್ಸ್‌ಎಂಪಿ (ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯನ್ನು ಅದರ ತಯಾರಕರು ಗೊತ್ತುಮಾಡಿದ ಹೆಚ್ಚಿನ ವೇಗದಲ್ಲಿ ಓಡಿಸುವ ಬಯೋಸ್ ಆಯ್ಕೆ) ಚಾಲೂ ಇದ್ದು 3200ರ ವೇಗದಲ್ಲಿ ಓಡುತ್ತಿದ್ದ ಡಿಡಿಆರ್4 ರ‍್ಯಾಮ್ 2133ಕ್ಕೋ 2400ಕ್ಕೋ ಇಳಿದು, ಯಂತ್ರ ಇನ್ನಷ್ಟು ನಿಧಾನವಾಗಬಹುದು. ವೇಗ ಬೇಕಿದ್ದವರು ಮೊದಲು ಈಗಿನ ಆಯ್ಕೆಗಳ ಫೋಟೊ ತೆಗೆದಿಟ್ಟುಕೊಂಡು, ಬೋರ್ಡ್ ಮತ್ತು ರ‍್ಯಾಮ್ ಎರಡೂ ಬೆಂಬಲಿಸುವುದಾದರೆ ಎಕ್ಸ್‌ಎಂಪಿಯೊಂದನ್ನೇ ಚಾಲೂ ಮಾಡಿ ನೋಡಲಿ. ವೋಲ್ಟೇಜನ್ನು ತಾವಾಗಿ ಬದಲಿಸದಿರುವುದೇ ಕ್ಷೇಮ. ಬಯೋಸ್ ಅಪ್‌ಡೇಟನ್ನಂತೂ ಗಾಳಿಮಳೆಗೆ ಕರೆಂಟು ಹೋಗಿಬರುವ ಆಷಾಢದ ಸಂಜೆಯಲ್ಲಿ ದಯವಿಟ್ಟು ಮಾಡಬೇಡಿ: ನಡುವೆ ವಿದ್ಯುತ್ ಕಡಿದರೆ ಬೋರ್ಡ್ ಮತ್ತೆ ಚಾಲೂ ಆಗದೇ ಹೋಗಬಹುದು.