ಸೊಸೆಗೆ ಪರೀಕ್ಷೆ, ಮಗನಿಗೆ ಪಾಯಸ

ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ನನಗೊಂದು ಸಣ್ಣ ಪರೀಕ್ಷೆ ಇಟ್ಟಿದ್ದರು. ಮನೆದೇವರು ಯಾರು? ಸೋಮವಾರ ಈರುಳ್ಳಿ ಯಾಕೆ ಹಾಕಬಾರದು? ಉಪ್ಪಿನಕಾಯಿ ಭರಣಿಗೆ ಯಾವ ಸೌಟು? ಎಲ್ಲಕ್ಕೂ ಉತ್ತರ ಬಾಯಿಪಾಠ ಮಾಡಿಕೊಂಡೆ. ಅದೇ ಮನೆಯಲ್ಲಿ ಉಂಡು ಬೆಳೆದ ನನ್ನ ಗಂಡನಿಗೆ ಉಪ್ಪಿನ ಡಬ್ಬಿ ಎಲ್ಲಿರುತ್ತದೆ ಅಂತಲೂ ಗೊತ್ತಿರಲಿಲ್ಲ. ಕೇಳಿದರೆ ಅತ್ತೆ, "ಅವನಿಗ್ಯಾಕಮ್ಮ ಅದೆಲ್ಲ? ಅವನು ಮನೆ ಮಗ" ಅನ್ನುತ್ತಿದ್ದರು.

ಇಪ್ಪತ್ತು ವರ್ಷ ನ್ಯೂಜೆರ್ಸಿಯಲ್ಲಿ ಬಾಳಿ ಈಗ ಇಬ್ಬರೂ ಪೌರತ್ವಕ್ಕೆ ಅರ್ಜಿ ಹಾಕಿದ್ದೇವೆ. ಆಗ ಗೊತ್ತಾಯಿತು, ಅಮೆರಿಕ ಅನ್ನುವುದೂ ಒಂದು ಅತ್ತೆಮನೆಯೇ. ತವರಿನ ನೀಲಿ ಪಾಸ್‌ಪೋರ್ಟ್ ಬಿಟ್ಟುಕೊಟ್ಟು ಇಲ್ಲಿನ ನೀಲಿ ಪಾಸ್‌ಪೋರ್ಟ್ ತೆಗೆದುಕೊಳ್ಳಬೇಕು. ತಲೆಗೆ 710 ಡಾಲರ್ ಶುಲ್ಕ. ಜೊತೆಗೆ ಪೌರನೀತಿ ಪರೀಕ್ಷೆ. ಒಂದೇ ಸಮಾಧಾನ ಅಂದರೆ, ಈ ಮನೆಯಲ್ಲಿ ಇವರೂ ಸೊಸೆಯೇ.

2025ರ ಅಕ್ಟೋಬರ್ 20ಕ್ಕೆ ಮೊದಲು ಅರ್ಜಿ ಹಾಕಿದವರಿಗೆ 100 ಪ್ರಶ್ನೆಗಳ ಪಟ್ಟಿ ಇತ್ತು. ಅದರಲ್ಲಿ 10 ಕೇಳಿ, 6 ಸರಿಯಾದರೆ ಪಾಸು. ಆಮೇಲೆ ಹಾಕಿದವರಿಗೆ 128ರ ಪಟ್ಟಿ. 20 ಕೇಳುತ್ತಾರೆ, 12 ಸರಿಯಾಗಬೇಕು. ನಮ್ಮವರು "ಈ ವೀಕೆಂಡ್ ಹಾಕೋಣ, ಮುಂದಿನ ವೀಕೆಂಡ್ ಹಾಕೋಣ" ಅಂತ ತಳ್ಳಿ ತಳ್ಳಿ ನವೆಂಬರ್ ಮಾಡಿದರು. ಆಲಸ್ಯಕ್ಕೆ 28 ಪ್ರಶ್ನೆ ದಂಡ.

ದಿನಾ ರಾತ್ರಿ ಊಟವಾದ ಮೇಲೆ ಮಗಳು ಕಾರ್ಡು ಹಿಡಿದು ಕೂರುತ್ತಾಳೆ. ಎಂಟನೇ ಕ್ಲಾಸು. ಇಲ್ಲೇ ಹುಟ್ಟಿದವಳು, ಹಾಗಾಗಿ ಮೊದಲ ಉಸಿರಿಗೇ ಪಾಸು. "ಸಂವಿಧಾನಕ್ಕೆ ಎಷ್ಟು ತಿದ್ದುಪಡಿ?" ಅಂತ ಗತ್ತಿನಿಂದ ಕೇಳುತ್ತಾಳೆ. 27 ಅನ್ನುತ್ತೇನೆ. "ನಿಂಗೆ ಗೊತ್ತಿತ್ತೇನೇ?" ಅಂತ ನಾನು ಕೇಳಿದರೆ, "ನಂಗ್ಯಾಕೆ ಗೊತ್ತಿರ್ಬೇಕು? ಕಾರ್ಡಿನ ಹಿಂದೆ ಬರೆದಿದೆಯಲ್ಲಾ" ಅನ್ನುತ್ತಾಳೆ.

ಅವಳನ್ನು ಬೈಯುವ ಹಾಗಿಲ್ಲ. 2022ರಲ್ಲಿ ದೇಶದ ಎಂಟನೇ ತರಗತಿ ಮಕ್ಕಳಿಗೆ ನಡೆದ ರಾಷ್ಟ್ರೀಯ ಪರೀಕ್ಷೆಯಲ್ಲಿ ಪೌರನೀತಿ ಚೆನ್ನಾಗಿ ಗೊತ್ತಿದೆ ಅನ್ನಿಸಿಕೊಂಡವರು ಶೇಕಡಾ 22 ಮಾತ್ರ. ಅಮೆರಿಕದ ಇತಿಹಾಸದಲ್ಲಿ ಇನ್ನೂ ಕಮ್ಮಿ, ಶೇಕಡಾ 13. ಉಳಿದವರಿಗೂ ಎದೆಯ ಮೇಲೆ ಕೈಯಿಟ್ಟು ಧ್ವಜಕ್ಕೆ ನಿಷ್ಠೆ ಹೇಳುವುದು ಚೆನ್ನಾಗಿ ಬರುತ್ತದೆ. ಯಾವುದಕ್ಕೆ ನಿಷ್ಠೆ ಅನ್ನುವುದು ಸಿಲೆಬಸ್ಸಿನ ಮಾತು.

ದೊಡ್ಡವರಿಗೂ ಒಮ್ಮೆ ಪರೀಕ್ಷೆ ಇಟ್ಟು ನೋಡಿದ್ದಾರೆ. ವುಡ್ರೋ ವಿಲ್ಸನ್ ಹೆಸರಿನ ಪ್ರತಿಷ್ಠಾನವೊಂದು 2018ರಲ್ಲಿ ಈ ಪೌರತ್ವ ಪರೀಕ್ಷೆಯ ಪ್ರಶ್ನೆಗಳನ್ನೇ ಆರಿಸಿ ಜನರ ಮುಂದಿಟ್ಟಿತು. ನಮಗೆ ಅಧಿಕಾರಿ ಎದುರು ಕೂತು ಬಾಯಲ್ಲೇ ಹೇಳುವ ಪರೀಕ್ಷೆ. ಮನೆ ಮಕ್ಕಳಿಗೆ ಹಾಗೆ ಕಷ್ಟ ಕೊಡಬಾರದಲ್ಲ, ಉತ್ತರಗಳನ್ನೂ ಕೆಳಗೆ ಬರೆದು, ಸರಿಯಾದದ್ದಕ್ಕೆ ಗುರುತು ಹಾಕಿ ಸಾಕು ಅಂದರು. ಪಾಸಾದವರು ಶೇಕಡಾ 36. 65 ದಾಟಿದ ಅಜ್ಜ ಅಜ್ಜಿಯರಲ್ಲಿ ಶೇಕಡಾ 74 ಮಂದಿ ಪಾಸಾಗಿ ಮಾನ ಉಳಿಸಿದರು. 45ರ ಒಳಗಿನವರಲ್ಲಿ ಪಾಸಾದದ್ದು ಶೇಕಡಾ 19. ಮರು ವರ್ಷ ರಾಜ್ಯವಾರು ನೋಡಿದರೆ, ಅರ್ಧಕ್ಕಿಂತ ಜಾಸ್ತಿ ಜನ ಪಾಸಾದ ರಾಜ್ಯ ವರ್ಮಾಂಟ್ ಒಂದೇ.

ಉತ್ತರಗಳು ಮಾತ್ರ ಪಾಸಿಗಿಂತ ರುಚಿಯಾಗಿವೆ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳು ಎಷ್ಟು ಅಂತ ಶೇಕಡಾ 57 ಜನರಿಗೆ ಗೊತ್ತಿರಲಿಲ್ಲ. ಒಂಬತ್ತು ಕಣ್ರೀ, ನವಗ್ರಹದಷ್ಟು. ಬೆಂಜಮಿನ್ ಫ್ರಾಂಕ್ಲಿನ್ ಬಲ್ಬು ಕಂಡುಹಿಡಿದ ಅಂದವರು ಶೇಕಡಾ 37. ಐಸೆನ್‌ಹೋವರ್ ಅಂತರ್ಯುದ್ಧದಲ್ಲಿ ಸೇನೆ ನಡೆಸಿದ ಅಂದವರು ಶೇಕಡಾ 12. ಅಂತರ್ಯುದ್ಧ ಮುಗಿದದ್ದು 1865ರಲ್ಲಿ, ಆ ಪುಣ್ಯಾತ್ಮ ಹುಟ್ಟಿದ್ದು 1890ರಲ್ಲಿ. ಚಕ್ರವ್ಯೂಹದ ಕತೆಯನ್ನು ಗರ್ಭದಲ್ಲೇ ಕೇಳಿದ ಅಭಿಮನ್ಯು ಇವನ ಮುಂದೆ ಯಾವ ಲೆಕ್ಕ! ಶೀತಲ ಸಮರಕ್ಕೆ ಹವಾಮಾನ ಬದಲಾವಣೆ ಕಾರಣ ಅಂದವರು ಶೇಕಡಾ 2. ಅವರ ಮೇಲೆ ನನಗೆ ಪ್ರೀತಿ. ಶೀತಲ ಅಂದಮೇಲೆ ಥಂಡಿ ಇರಲೇಬೇಕಲ್ವಾ?

ಇನ್ನೊಂದು ಸಮೀಕ್ಷೆಯಲ್ಲಿ ಕಾಲೇಜು ಮುಗಿಸಿದವರಲ್ಲೇ ಹತ್ತಿರ ಹತ್ತಿರ ಶೇಕಡಾ 10 ಮಂದಿ, ಟಿವಿಯಲ್ಲಿ ಕೋರ್ಟು ನಡೆಸುವ ಜಡ್ಜ್ ಜೂಡಿ ಸುಪ್ರೀಂ ಕೋರ್ಟಿನಲ್ಲಿದ್ದಾರೆ ಅಂದುಕೊಂಡಿದ್ದರು. ಇದು ಅಜ್ಞಾನ ಅಂತ ನಾನು ಒಪ್ಪುವುದಿಲ್ಲ, ಬೇಡಿಕೆ ಇರಬಹುದು. ಆ ತಾಯಿ ಅರ್ಧ ಗಂಟೆಯಲ್ಲಿ ಕೇಸು ಮುಗಿಸಿ ಕಳಿಸುತ್ತಿದ್ದರು. 2009ರಲ್ಲಿ ಸೌತ್ ಕ್ಯಾರೊಲಿನಾದ ಒಂದು ಸಭೆಯಲ್ಲಿ ಮತದಾರರೊಬ್ಬರು ತಮ್ಮ ಸಂಸದ ಬಾಬ್ ಇಂಗ್ಲಿಸ್‌ಗೆ, "ನನ್ನ ಮೆಡಿಕೇರ್ ಮೇಲೆ ಸರ್ಕಾರದ ಕೈ ಬೀಳಬಾರದು" ಅಂತ ಎಚ್ಚರಿಸಿದ್ದರು. ಮೆಡಿಕೇರ್ ಅಂದರೆ ವಯಸ್ಸಾದವರ ಆರೋಗ್ಯ ವಿಮೆ, ಅದನ್ನು ನಡೆಸುವುದೇ ಸರ್ಕಾರ. ಸಂಸದರು ಬಿಡಿಸಿ ಹೇಳಲು ನೋಡಿದರು. ಅವರು ಕೇಳಬೇಕಲ್ಲ.

ಇದೆಲ್ಲ ಓಟು ಹಾಕುವವರ ಕತೆ. ಓಟು ತೆಗೆದುಕೊಳ್ಳುವವರ ಕತೆಗೆ ಬೇರೆ ಪಂಕ್ತಿ ಹಾಕಬೇಕು.

ಹಳೆಯ ಪಟ್ಟಿಯಲ್ಲಿ "ಸರ್ಕಾರದ ಒಂದು ಅಂಗ ಹೇಳಿ" ಅಂತ ಇತ್ತು. ಹೊಸದರಲ್ಲಿ ಮೂರೂ ಹೇಳಬೇಕು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ನಾನು ತರಕಾರಿ ಹೆಚ್ಚುತ್ತಾ ಜಪ ಮಾಡುತ್ತೇನೆ. ಅಲಬಾಮಾದ ಟಾಮಿ ಟ್ಯೂಬರ್‌ವಿಲ್ ಅವರಿಗೆ ಇಂಥ ಕಾಟ ಇರಲಿಲ್ಲ. ಫುಟ್‌ಬಾಲ್ ಕೋಚ್ ಆಗಿದ್ದವರು, 2020ರಲ್ಲಿ ಸೆನೆಟ್‌ಗೆ ಗೆದ್ದರು. ಗೆದ್ದ ಹೊಸದರಲ್ಲಿ ಸಂದರ್ಶನವೊಂದರಲ್ಲಿ ಸರ್ಕಾರದ ಮೂರು ಅಂಗಗಳನ್ನು ಹೀಗೆ ಎಣಿಸಿದರು: ಹೌಸು, ಸೆನೆಟ್ಟು, ಕಾರ್ಯಾಂಗ. ಶಾಸಕಾಂಗವನ್ನು ಅಣ್ಣತಮ್ಮಂದಿರಂತೆ ಎರಡು ಪಾಲು ಮಾಡಿದರು, ನ್ಯಾಯಾಂಗಕ್ಕೆ ಎಲೆಯನ್ನೇ ಹಾಕಲಿಲ್ಲ. ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಗಳನ್ನು ಒಪ್ಪಿ ಕಳಿಸುವುದು ಯಾರು ಅಂತ ಕೇಳಿದಿರಾ? ಅದೇ ಸೆನೆಟ್ಟು.

ರಿಕ್ ಪೆರ್ರಿಯವರದು ಇನ್ನೂ ಸೊಗಸು. 2011ರ ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆಯ ಚರ್ಚೆ. ನಾನು ಗೆದ್ದರೆ ಮೂರು ಇಲಾಖೆ ಮುಚ್ಚುತ್ತೇನೆ ಅಂದರು. ವಾಣಿಜ್ಯ ಅಂದರು, ಶಿಕ್ಷಣ ಅಂದರು, ಮೂರನೆಯದು ಬಾಯಿಗೆ ಬರಲಿಲ್ಲ. ತಡಕಾಡಿ ಕೊನೆಗೆ "ಊಪ್ಸ್" ಅಂದರು. ಮರೆತ ಇಲಾಖೆ ಇಂಧನ. 2017ರಲ್ಲಿ ಅವರನ್ನು ಮಂತ್ರಿ ಮಾಡಿದ್ದು ಯಾವ ಇಲಾಖೆಗೆ ಅಂತೀರಿ? ಅದಕ್ಕೇ. ನೆನಪು ಉಳಿಯಲಿ ಅಂತ ನೂರು ಸಲ ಬರೆಸುವ ಮೇಷ್ಟ್ರ ಪದ್ಧತಿ ಇಲ್ಲೂ ಇದೆ ಅಂತಾಯಿತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಕ್ರಿಸ್ಟಿ ನೋಮ್. 2025ರ ಮೇ ತಿಂಗಳು, ಸೆನೆಟ್ ಸಮಿತಿಯ ವಿಚಾರಣೆ. ಹೇಬಿಯಸ್ ಕಾರ್ಪಸ್ ಅಂದರೇನು ಅಂತ ಸೆನೆಟರ್ ಮ್ಯಾಗಿ ಹಸನ್ ಕೇಳಿದರು. ನಮ್ಮೂರಲ್ಲಿ ಹುಡುಗಿ ಓಡಿಹೋದ ಸುದ್ದಿಯ ಕೆಳಗೂ ಈ ಅರ್ಜಿಯ ಹೆಸರಿರುತ್ತದೆ. ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತಂದು ಕಾರಣ ಕೊಡಿ ಅಂತ ಸರ್ಕಾರವನ್ನು ತಡೆದು ಕೇಳುವ ಹಕ್ಕು ಅದು. ನೋಮ್ ಹೇಳಿದ್ದು, ಜನರನ್ನು ದೇಶದಿಂದ ಹೊರಗೆ ಕಳಿಸಲು ಅಧ್ಯಕ್ಷರಿಗೆ ಸಂವಿಧಾನ ಕೊಟ್ಟಿರುವ ಹಕ್ಕು ಅಂತ. ಬೀಗವನ್ನು ತೋರಿಸಿ ಇದೇನು ಅಂದರೆ "ಕಳ್ಳನ ಕೀಲಿಕೈ" ಅಂದ ಹಾಗೆ. ಅವರು ಆಗ ಇದ್ದದ್ದು ಹೋಮ್‌ಲ್ಯಾಂಡ್ ಸೆಕ್ಯುರಿಟಿ, ಅಂದರೆ ದೇಶದ ಒಳಭದ್ರತೆಯ ಇಲಾಖೆಗೆ ಮಂತ್ರಿಯಾಗಿ. ನನಗೆ ಈ 128 ಪ್ರಶ್ನೆಗಳ ಪರೀಕ್ಷೆ ಮಾಡುವ ಕಚೇರಿ ಇರುವುದು ಆ ಇಲಾಖೆಯ ಕೆಳಗೇ.

ಸೆನೆಟರ್ ಆಗಲು ಬೇಕಾದದ್ದು 30 ವರ್ಷ ವಯಸ್ಸು, ಆರಿಸಿದ ರಾಜ್ಯದಲ್ಲಿ ವಾಸ, 9 ವರ್ಷದ ಪೌರತ್ವ. ಪರೀಕ್ಷೆ ಇಲ್ಲ. ಪಾಸಾದ ಮೇಲೂ ನಾನು ಇನ್ನೂ 9 ವರ್ಷ ಕಾಯಬೇಕು. ಅಷ್ಟರಲ್ಲಿ ಓದಿದ್ದೆಲ್ಲ ಮರೆತು ನಾನೂ ಅರ್ಹಳಾಗುತ್ತೇನೆ ಅಂತ ಕಾಣುತ್ತೆ.

ಹಾಗಂತ ಓಟು ಹಾಕುವವರಿಗೆಲ್ಲ ಪರೀಕ್ಷೆ ಇಡಿ ಅಂತ ನಾನು ಹೇಳುತ್ತಿಲ್ಲ. ಆ ಪ್ರಯೋಗವೂ ಇಲ್ಲಿ ಆಗಿಹೋಗಿದೆ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಮತಗಟ್ಟೆಯಿಂದ ದೂರ ಇಡಲು ಓದುಬರಹದ ಪರೀಕ್ಷೆ ಇಡುತ್ತಿದ್ದರು. ಪಾಸು ಫೇಲು ಗುಮಾಸ್ತನ ಮರ್ಜಿ. ಬಿಳಿಯ ಮತದಾರನೂ ಫೇಲಾದರೆ ಕಷ್ಟ ಅಂತ ಕೆಲವು ಕಡೆ ಇನ್ನೊಂದು ಉಪಾಯ ಮಾಡಿದ್ದರು: ಅಜ್ಜ ಓಟು ಹಾಕಿದ್ದರೆ ಮೊಮ್ಮಗನಿಗೆ ಪರೀಕ್ಷೆ ಇಲ್ಲ. ಗುಲಾಮರ ಮೊಮ್ಮಕ್ಕಳು ಓಟು ಹಾಕಿದ ಅಜ್ಜನನ್ನು ಎಲ್ಲಿಂದ ತರಬೇಕು? ಒಕ್ಲಹೋಮದ ಅಂಥ ಕಾನೂನನ್ನು ಸುಪ್ರೀಂ ಕೋರ್ಟ್ 1915ರಲ್ಲಿ ಹೊಡೆದುಹಾಕಿತು. ಪರೀಕ್ಷೆಗಳಿಗೆ ಬೀಗ ಬೀಳಲು 1965ರ ಮತದಾನದ ಹಕ್ಕಿನ ಕಾಯಿದೆಯೇ ಬರಬೇಕಾಯಿತು. ಮನೆ ಮಗನಿಗೆ ವಿನಾಯಿತಿ ಅನ್ನುವುದು ನಮ್ಮ ಅತ್ತೆಯೊಬ್ಬರ ಕಾನೂನಲ್ಲ.

ಪರಿಹಾರ ಹುಡುಕಿಲ್ಲ ಅನ್ನಬೇಡಿ. ಜೇಬಿನಲ್ಲಿ ಸದಾ ಸಂವಿಧಾನದ ಪುಸ್ತಕ ಇಟ್ಟುಕೊಂಡು ಓಡಾಡುತ್ತಿದ್ದ ಸೆನೆಟರ್ ರಾಬರ್ಟ್ ಬರ್ಡ್, 2004ರಲ್ಲಿ ಖರ್ಚುವೆಚ್ಚದ ದೊಡ್ಡ ಮಸೂದೆಯೊಂದರ ಒಳಗೆ ಒಂದು ಸಾಲು ಸೇರಿಸಿದರು. ಕೇಂದ್ರದ ದುಡ್ಡು ಪಡೆಯುವ ಶಾಲೆಗಳೆಲ್ಲ ಸೆಪ್ಟೆಂಬರ್ 17ಕ್ಕೆ ಸಂವಿಧಾನದ ಪಾಠ ಮಾಡಬೇಕು. ನಮ್ಮಲ್ಲಿ ನವೆಂಬರ್ ಕನ್ನಡಿಗರಿದ್ದಾರಲ್ಲ, ಹಾಗೆ ಇಲ್ಲಿ ಸೆಪ್ಟೆಂಬರ್ 17ರ ಪ್ರಜೆಗಳು. ನಮ್ಮವರಾದರೂ ಇಡೀ ತಿಂಗಳು ಬಾವುಟ ಹಿಡಿಯುತ್ತಾರೆ. ಅರಿಜೋನ 2015ರಲ್ಲಿ ಈ ಪೌರತ್ವದ ಪ್ರಶ್ನೆಗಳನ್ನೇ ಹೈಸ್ಕೂಲ್ ಮುಗಿಸುವ ಮಕ್ಕಳಿಗೆ ಕಡ್ಡಾಯ ಮಾಡಿತು. ಆಗ 100ಕ್ಕೆ 60 ಬಂದರೆ ಸಾಕಿತ್ತು, ಬರುವ ತನಕ ಎಷ್ಟು ಸಲ ಬೇಕಾದರೂ ಬರೆಯಬಹುದಿತ್ತು.

ದುಡ್ಡಿನ ಲೆಕ್ಕವೂ ಇದೆ. ಕೇಂದ್ರ ಸರ್ಕಾರ ವಿಜ್ಞಾನ, ಗಣಿತದ ಕಡೆಗೆ ಒಂದು ಮಗುವಿಗೆ ವರ್ಷಕ್ಕೆ ಸುಮಾರು 50 ಡಾಲರ್ ಖರ್ಚು ಮಾಡಿದರೆ ಪೌರನೀತಿಗೆ 5 ಸೆಂಟ್ ಅಂತ 2021ರ ವರದಿಯೊಂದು ಹೇಳಿತು. ಐದು ಸೆಂಟಿಗೆ ಇಲ್ಲಿ ಕಡಲೆ ಮಿಠಾಯಿಯ ಚೂರೂ ಬರುವುದಿಲ್ಲ. ಆದರೆ ಐದು ಸೆಂಟಿನ ನಾಣ್ಯದ ಮೇಲೆ ಜೆಫರ್ಸನ್ ಮುಖ ಇದೆ. ಸ್ವಾತಂತ್ರ್ಯದ ಘೋಷಣೆ ಬರೆದವನು. ನಾಣ್ಯವನ್ನೇ ಮಗುವಿನ ಕೈಗೆ ಕೊಟ್ಟು, "ನೋಡಪ್ಪಾ, ಇವನೇ" ಅಂದರೂ ಒಂದು ಪ್ರಶ್ನೆಗೆ ಉತ್ತರ ಆಗುತ್ತಿತ್ತು.

ಪಾಪ, ಜನ ಕಲಿಯುವುದೇ ಇಲ್ಲ ಅಂತಲ್ಲ. ಅನೆನ್‌ಬರ್ಗ್ ಅನ್ನುವ ಸಮೀಕ್ಷೆ ಕೇಂದ್ರದವರು ವರ್ಷಾವರ್ಷ ಆ ಮೂರು ಅಂಗಗಳನ್ನೇ ಕೇಳುತ್ತಾರೆ. 2016ರಲ್ಲಿ ಮೂರನ್ನೂ ಹೇಳಿದವರು ಶೇಕಡಾ 26. 2021ರಲ್ಲಿ 56ಕ್ಕೆ ಏರಿತು. ಆ ವರ್ಷದ ಜನವರಿಯಲ್ಲಿ ಜನ ಸಂಸತ್ ಭವನದ ಕಿಟಕಿ ಒಡೆದು ಒಳಗೆ ನುಗ್ಗಿದ್ದರು. ಶಾಸಕಾಂಗ ಎಲ್ಲಿದೆ ಅಂತ ಊರಿಗೆಲ್ಲ ಟಿವಿಯಲ್ಲೇ ಗೊತ್ತಾಯಿತು. ಮರು ವರ್ಷ 47ಕ್ಕೆ ಇಳಿಯಿತು. ಬೆಂಕಿ ಬಿದ್ದಾಗ ಬಾವಿ ತೋಡುವುದು ಅಂತಾರಲ್ಲ, ಇದೂ ಹಾಗೇ. ಆರಿದ ಮೇಲೆ ಬಾವಿ ಎಲ್ಲಿತ್ತು ಅಂತ ಮರೆತೇ ಹೋಗುತ್ತೆ.

ನನ್ನ ಪಟ್ಟಿಯಲ್ಲಿ 13ನೇ ಪ್ರಶ್ನೆ, ಕಾನೂನಿನ ಆಳ್ವಿಕೆ ಅಂದರೇನು? ಒಪ್ಪಿರುವ ಉತ್ತರಗಳಲ್ಲೊಂದು, ಯಾರೂ ಕಾನೂನಿಗಿಂತ ಮೇಲಲ್ಲ. 2024ರ ಜುಲೈ 1ರಂದು ಸುಪ್ರೀಂ ಕೋರ್ಟು, ಅಧ್ಯಕ್ಷರು ಅಧಿಕಾರದ ಕೆಲಸವಾಗಿ ಮಾಡಿದ್ದಕ್ಕೆ ಬಹುಮಟ್ಟಿಗೆ ಕ್ರಿಮಿನಲ್ ಕೇಸಿನಿಂದ ರಕ್ಷಣೆ ಇದೆ ಅಂದಿತು. ಕಾರ್ಡು ಬದಲಾಗಿಲ್ಲ. "ಯಾವುದು ಹೇಳಲಿ?" ಅಂತ ಇವರನ್ನು ಕೇಳಿದೆ. "ಕಾರ್ಡಲ್ಲಿ ಇರೋದು ಹೇಳು, ಸುಮ್ನೆ ಪಾಸಾಗು" ಅಂದರು.

ಮೊನ್ನೆ ಪಕ್ಕದ ಮನೆಯವರು ಬೇಲಿಯ ಹತ್ತಿರ ಸಿಕ್ಕರು. ಮನೆ ಮುಂದೆ ವರ್ಷವಿಡೀ ಬಾವುಟ ಹಾರಿಸುವವರು. ಅದರಲ್ಲಿ 13 ಪಟ್ಟೆ ಯಾಕೆ ಅಂತ ಕೇಳಿದೆ. ತಲೆಯೆತ್ತಿ ಎಣಿಸಿ, "ಹೌದು, ಹದಿಮೂರೇ ಇದೆ" ಅಂತ ಆಶ್ಚರ್ಯಪಟ್ಟರು. ಮೊದಲಿದ್ದ 13 ವಸಾಹತುಗಳ ಗುರುತು, ನಮ್ಮ ನ್ಯೂಜೆರ್ಸಿಯೂ ಒಂದು ಅಂದೆ. ತುಂಬಾ ಖುಷಿಯಾದರು. ನಮ್ಮ ಸಂಸದರ ಹೆಸರನ್ನೂ ಪರೀಕ್ಷೆಯಲ್ಲಿ ಕೇಳುತ್ತಾರೆ ಅಂದಾಗ, "ಅದು ಗೊತ್ತಾದರೆ ನನಗೂ ಹೇಳಿ" ಅಂದರು.

ರಾತ್ರಿ ಊಟಕ್ಕೆ ಕೂತಾಗ ಇವರು ಒಂದೇ ಉಸಿರಿಗೆ 12 ಉತ್ತರ ಹೇಳಿದರು. ಹಾಗೇ, ಸಾರಿಗೆ ಉಪ್ಪು ಕಮ್ಮಿ ಅಂದರು. "ತಂದುಕೊಳ್ಳಿ" ಅಂದೆ. ಎದ್ದು ಹೋಗಿ ಮೂರು ಕಪಾಟಿನ ಬಾಗಿಲನ್ನೂ ತೆಗೆದು ನಿಂತರು. ಮಗಳು ತಟ್ಟೆಯಿಂದ ತಲೆಯೆತ್ತದೆ, "ಕಾರ್ಡಿನ ಹಿಂದೆ ನೋಡಪ್ಪ" ಅಂದಳು.